ಬಿಳಿ ಟಗರಿನ ಒಳಗಿನ ಕಪ್ಪು

ಹುಲುಗಣ್ಣ ಯಾರಿಗೂ ಹೆದರುವ ಆಳಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದವನು ಒಬ್ಬನೇ, ಅವನು ಹುಲುಗಣ್ಣ. ಕೂಡ್ಲಿಗಿಯಿಂದ ಉಜ್ಜಿನಿ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲಿಸಬೇಕೋ ಬೇಡವೋ ಎಂದು ಡ್ರೈವರು ಪ್ರತಿ ಸಲವೂ ಹೊಸದಾಗಿ ಯೋಚಿಸುವಂಥ ಒಂದು ಹಟ್ಟಿಯಲ್ಲಿ ಅವನ ಮನೆ. ಮನೆಯ ಹಿಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ರೊಪ್ಪದೊಳಗೆ ಅರವತ್ತು ಚಿಲ್ಲರೆ ಕುರಿ. ಎಲ್ಲವೂ ಬಿಳಿ.

ನಮ್ಮ ಕಡೆಯ ಹಿಂಡುಗಳಲ್ಲಿ ಕರಿ, ಬಿಳಿ, ಕಂದು, ಮಚ್ಚೆ ಎಲ್ಲ ಕಲಸಿಕೊಂಡಿರುತ್ತವೆ. ಹುಲುಗಣ್ಣನ ಅಪ್ಪ ಮಾತ್ರ ಕರಿ ಚುಕ್ಕೆ ಕಂಡ ಮರಿಯನ್ನು ರೊಪ್ಪದಲ್ಲಿ ಮೂರು ದಿನ ಉಳಿಸುತ್ತಿರಲಿಲ್ಲ. ಅವರಪ್ಪನೂ ಹಾಗೆಯೇ. ಹೀಗೆ ಮೂರು ತಲೆಮಾರು ಆರಿಸಿ ಆರಿಸಿ ಉಳಿಸಿಕೊಂಡ ಬಿಳುಪನ್ನು ಹುಲುಗಣ್ಣ ತನ್ನ ಸ್ವಂತ ಸಾಧನೆಯೆಂಬಂತೆ ನಡೆಸಿಕೊಂಡು ಹೋಗುತ್ತಿದ್ದ. ಬೇರೆಯವರ ಹಿಂಡು ಎದುರಾದರೆ, "ಏನಲೇ ಇದು, ಎಳ್ಳು ಅಕ್ಕಿ ಕಲಸಿ ಚೆಲ್ಲಿದಂಗ ಐತಿ" ಎಂದು ಮೀಸೆ ತಿರುವುತ್ತಿದ್ದ. ಪಕ್ಕದ ಮನೆಯ ಪಕ್ಕೀರಮ್ಮನಿಗೂ ಹೆಚ್ಚುಕಡಿಮೆ ಬಿಳಿ ಕುರಿಗಳೇ ಇದ್ದವು. ಅವನ ದೃಷ್ಟಿಯಲ್ಲಿ ಅವು ಬಿಳಿಯಲ್ಲ, ತೊಳೆಯದ ಬಿಳಿ.

ಈ ಮೀಸೆ ಇಳಿದದ್ದು ತೊಂಬತ್ತೈದರ ಶ್ರಾವಣದಲ್ಲಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಮಾಲಾ. ಅವಳಿಗಾಗ ಒಂಬತ್ತು. ಜ್ವರ ಬಂದು ಹನ್ನೊಂದು ದಿನವಾದರೂ ಇಳಿದಿರಲಿಲ್ಲ. ಕೂಡ್ಲಿಗಿಯಲ್ಲಿ ಡಾಕ್ಟರು ನೋಡಿ, ಇದು ಟೈಫಾಯ್ಡ್, ಗುಳಿಗೆ ತಪ್ಪಿಸಬೇಡಿ, ಇನ್ನು ಮೂರು ದಿನ ಕಾಯಿರಿ ಎಂದಿದ್ದರು. ಕಾಯುವುದು ಹುಲುಗಣ್ಣನಿಗೆ ಗೊತ್ತಿಲ್ಲದ ಕೆಲಸ. ಹುಡುಗಿಯ ಹಣೆ ಮುಟ್ಟಿ ಕೈ ಸುಟ್ಟವನಂತೆ ಎದ್ದು ನೆಟ್ಟಗೆ ಊರ ಹೊರಗಿನ ದುರುಗಮ್ಮನ ಗುಡಿಗೆ ಓಡಿದ.

ಅಂದು ಶುಕ್ರವಾರ, ಗುಡಿಯ ತುಂಬ ಜನ. ಪೂಜಾರಿ ಜೋಗಮ್ಮ ಮುದುಕಿ. ದೇವಿಗೆ ಕೇಳಿಸುವುದಕ್ಕಿಂತ ಮೊದಲು ಎಲ್ಲವೂ ಅವಳಿಗೆ ಕೇಳಿಸಬೇಕು. ಹುಲುಗಣ್ಣನ ಮುಂದಿದ್ದವನು ಐದು ಕಾಯಿ ಒಡೆಸುತ್ತೇನೆಂದ. ಅವನ ಮುಂದಿದ್ದವಳು ಒಂದು ಸೀರೆ ಎಂದಳು. ಇಂಥ ಪುಡಿ ಹರಕೆಗಳ ನಡುವೆ ಹುಲುಗಣ್ಣನ ಗಂಟಲಿನಿಂದ ಭಯವೂ ಜಂಬವೂ ಒಟ್ಟಿಗೇ ಹೊರಟವು.

"ತಾಯೀ, ನನ್ನ ಮಗಳನ್ನ ಉಳಿಸಿ ಕೊಡು. ನನ್ನ ರೊಪ್ಪದಾಗ, ನಮ್ಮಪ್ಪನ ಕಾಲದ ಕುರಿ ತಳಿಯಾಗ ಹುಟ್ಟಿದ ಕರಿ ಟಗರು ನಿನ್ನ ಹೆಸರಿಲೆ ಬಿಡ್ತೀನಿ! ಮೂರು ಯುಗಾದಿಯೊಳಗ ಬಿಡ್ತೀನಿ!"

ದೇವಿಯ ಹೆಸರಿನಲ್ಲಿ ಬಿಟ್ಟ ಟಗರನ್ನು ನಮ್ಮಲ್ಲಿ ಯಾರೂ ಕಟ್ಟುವುದಿಲ್ಲ, ಕಡಿಯುವುದಿಲ್ಲ. ಅದು ಯಾರ ಹೊಲದಲ್ಲಾದರೂ ಮೇಯುತ್ತದೆ, ಯಾರ ಹಿಂಡಿನಲ್ಲಾದರೂ ಸೇರುತ್ತದೆ. ದುರುಗಮ್ಮನಿಗೆ ಬಿಡುವುದು ಕರಿಯದೇ ಆಗಬೇಕು.

"ಕರಿ ಟಗರು. ನಿನ್ನ ರೊಪ್ಪದ್ದ. ಮೂರು ಯುಗಾದಿ," ಎಂದು ಜೋಗಮ್ಮ ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿ ಅವನ ಹಣೆಗೆ ಅರಿಸಿನದ ಭಂಡಾರ ಹಚ್ಚಿದಳು. ನಲವತ್ತು ಜನ ತಲೆಯಾಡಿಸಿದರು.

ಮನೆಗೆ ಬಂದಾಗ ಹೆಂಡತಿ ಚೌಡಕ್ಕ ಹುಡುಗಿಯ ತಲೆಗೆ ಒದ್ದೆಬಟ್ಟೆ ಹಾಕುತ್ತ ಕುಳಿತಿದ್ದಳು.

"ಏನ್ ಹರಕಿ ಹೊತ್ತು ಬಂದ್ರಿ?"

ಹೇಳಿದ.

ಚೌಡಕ್ಕನ ಕೈ ನಿಂತಿತು. "ನಮ್ಮ ರೊಪ್ಪದಾಗ ಕರೇವು ಎಲ್ಲಿ ಅದಾವ್ರಿ?"

ಆ ಕ್ಷಣದವರೆಗೂ ಹುಲುಗಣ್ಣನಿಗೆ ಅದು ಹೊಳೆದಿರಲಿಲ್ಲ.

ಹದಿನಾಲ್ಕನೆಯ ದಿನ ಜ್ವರ ಇಳಿಯಿತು. ಗುಳಿಗೆಯಿಂದ ಇಳಿಯಿತೆಂದು ಡಾಕ್ಟರು ತಿಳಿದಿದ್ದರು, ಅವರಿಗೆ ಹರಕೆಯ ವಿಷಯ ಯಾರೂ ಹೇಳಿರಲಿಲ್ಲ. ಹುಲುಗಣ್ಣನಿಗೆ ಮಾತ್ರ ಸಂಶಯವಿರಲಿಲ್ಲ. ದೇವಿ ತನ್ನ ಕಡೆಯ ಮಾತು ಉಳಿಸಿಕೊಂಡಿದ್ದಾಳೆ, ಈಗ ಬಾಕಿ ಇರುವುದು ತನ್ನದು. ತಪ್ಪಿದರೆ ಕೊಟ್ಟವಳು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಇದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮಗಳು ಗಂಜಿ ಕುಡಿದು ಮೊದಲ ಸಲ ಅಂಗಳಕ್ಕೆ ಬಂದು ಬಿಸಿಲಲ್ಲಿ ಕುಳಿತಾಗ ಊರೆಲ್ಲ ಸಂತೋಷದಿಂದ ನಕ್ಕಿತು, ಅವನು ಬೆವರಿದ.

ಕರಿ ಮರಿ ಬೇಕಾದರೆ ಕರಿ ಟಗರು ಬೇಕು. ಇಷ್ಟು ಲೆಕ್ಕ ಯಾರಿಗೆ ಬರುವುದಿಲ್ಲ? ಹುಲುಗಣ್ಣ ಇಟ್ಟಿಗಿ ಎಂಬ ಊರಿಗೆ ಹೋಗಿ ಬೆನಕಪ್ಪನೆಂಬ ಕುರಿಗಾರನಿಂದ ಒಂದು ಟಗರು ತಂದ. ಹಂಚಿನ ತಳದ ಮಸಿಯಂಥ ಕರಿ. ಬೆನಕಪ್ಪನ ಹಿಂಡೆಲ್ಲ ಅದೇ ಕರಿ. ಹುಲುಗಣ್ಣ ತನ್ನ ಬಿಳಿ ಟಗರನ್ನು ಮಾರಿ, ಹದಿನೈದು ಒಳ್ಳೆಯ ಕುರಿಗಳನ್ನು ಬೇರೆ ಮಾಡಿ ಇದನ್ನು ಬಿಟ್ಟ. ಐದು ತಿಂಗಳು ಕಾದ.

ಮೊದಲ ಕುರಿ ಈದಿತು. ಮರಿ ಬಿಳಿ. ಇರಲಿ, ಒಂದು ಎಂದುಕೊಂಡ. ಎರಡನೆಯದು ಬಿಳಿ. ಐದನೆಯದೂ ಬಿಳಿ. ಹದಿನೈದು ಕುರಿ, ಹದಿನೈದು ಮರಿ, ಹದಿನೈದೂ ಹಾಲಿನಂಥ ಬಿಳಿ. ಮೂರು ತಲೆಮಾರು ಇಂಥದೇ ಫಸಲನ್ನು ಕಣ್ಣಿಗೆ ಒತ್ತಿಕೊಂಡು ಸಂತೋಷಪಟ್ಟ ಮನೆತನದಲ್ಲಿ ಮೊದಲ ಸಲ ಒಬ್ಬ ಬಿಳಿ ಮರಿ ಕಂಡು ತಲೆಯ ಮೇಲೆ ಕೈಹೊತ್ತು ಕುಳಿತ.

ಪಕ್ಕೀರಮ್ಮ ಬೇಲಿಯ ಆಚೆಯಿಂದ ಇಣುಕಿದಳು. "ಏನ್ ಹುಲುಗಣ್ಣಣ್ಣ, ಟಗರು ಖರೇ ಕರೇದೇನು? ಇಲ್ಲಾ ಬೆನಕಪ್ಪ ಬಣ್ಣ ಹಚ್ಚಿ ಮಾರ್ಯಾನೋ?"

"ಬಾಯಿ ಮುಚ್ಕೊಂಡು ಹೋಗಬೇ."

ಅವಳು ಹೋದಮೇಲೆ ಹುಲುಗಣ್ಣ ಟಗರನ್ನು ಬಾವಿಯ ಹತ್ತಿರ ಎಳೆದೊಯ್ದು ಸೀಗೇಪುಡಿ ಹಾಕಿ ಉಜ್ಜಿ ತೊಳೆದ. ಟಗರು ಇನ್ನೂ ಕರ್ರಗಾಯಿತು.

ಹಾಗಾದರೆ ಇದು ದೇವಿಯದೇ ಕೆಲಸ. ಜಂಬಕ್ಕೆ ಹೇಳಿದ ಹರಕೆಯನ್ನು ಅವಳು ಒಪ್ಪಿಲ್ಲ. ಅಂದಿನಿಂದ ಅವನ ಭಯ ಮನೆಯೊಳಗೆ ಬಂದು ಉಂಡು ಮಲಗತೊಡಗಿತು. ಮಾಲಾ ಸೀನಿದರೆ ಕೈಯಲ್ಲಿದ್ದ ರೊಟ್ಟಿ ಕೆಳಗಿಡುವನು. ಶಾಲೆಗೆ ಕಳಿಸಿ, ಕುರಿ ಬಿಟ್ಟು, ದಿನಕ್ಕೆ ಮೂರು ಸಲ ಶಾಲೆಯ ಕಿಟಕಿಯಲ್ಲಿ ಮುಖ ತೋರಿಸುವನು. "ನಿಮಗೂ ಹೆಸರು ಹಚ್ಚಲೇನ್ರಿ ನಾಕನೇತ್ತಿಗೆ?" ಎಂದು ಮಾಸ್ತರು ಕೇಳಿದರು. ಹುಡುಗಿ ನಾಚಿಕೆಯಿಂದ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಂಡಳು. ಅದನ್ನೂ ಅವನು ತಲೆನೋವೆಂದು ತಿಳಿದು ಮನೆಗೆ ಎತ್ತಿಕೊಂಡು ಬಂದ.

ಅಪಶಕುನದ ಮರಿಗಳನ್ನು ಮನೆಯಲ್ಲಿಡಬಾರದೆಂದು ಒಂದೊಂದಾಗಿ ಮಾರಲು ತೊಡಗಿದ. ಹುಟ್ಟಿದ ಎಂಟು ಹೆಣ್ಣುಮರಿಗಳಲ್ಲಿ ಎರಡು ಕೊಟ್ಟೂರಿನವನೊಬ್ಬನಿಗೆ ಹೋದವು, ಎರಡನ್ನು ಪಕ್ಕೀರಮ್ಮನೇ ಕೊಂಡಳು. ಕರಿ ಟಗರನ್ನೂ ಹಗ್ಗ ಹಾಕಿ ಹಗರಿಬೊಮ್ಮನಹಳ್ಳಿ ಸಂತೆಗೆ ಹೊರಡಿಸಿದ್ದ ದಿನವೇ ಲೂನಾ ಮೇಲೆ ಕ್ರಾಂತಿಕುಮಾರ್ ಬಂದ.

ಕ್ರಾಂತಿಕುಮಾರ್ ಕೊಟ್ಟೂರಿನ ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು. ಅಪ್ಪ ಗಾದಿಲಿಂಗಪ್ಪ ಕೂಲಿ ಮಾಡಿ ಓದಿಸಿದ ಮಗ, ಆ ಮನೆಯಲ್ಲಿ ಮೊದಲು ಸಂಬಳ ಎಣಿಸಿದವನು. ಹಳ್ಳಿಯವರು ಡಾಕ್ಟ್ರೇ ಎಂದು ಕರೆದರೆ ತಾನು ಡಾಕ್ಟರಲ್ಲ ಎಂದು ತಿದ್ದಬೇಕೆಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು, ಪ್ರತಿ ಸಲವೂ ತಡವಾಗಿರುತ್ತಿತ್ತು. ಕುರಿಗಳಿಗೆ ಲಸಿಕೆ ಹಾಕಲು ಬಂದವನು ಕಥೆಯನ್ನೆಲ್ಲ ಕೇಳಿ, ಲಸಿಕೆಯ ಪೆಟ್ಟಿಗೆಯನ್ನು ನೆರಳಿಗಿಟ್ಟು, ಪಾಠಕ್ಕೆ ನಿಂತ.

"ಯಜಮಾನ್ರೇ, ಟಗರು ಮಾರಬ್ಯಾಡ್ರಿ. ಹದಿನೈದೂ ಬಿಳೇವು ಹುಟ್ಯಾವಲ್ಲ, ಹದಿನೈದರ ಒಳಗೂ ಕರೇದು ಐತಿ."

"ಒಳಗಂದ್ರ? ಚರ್ಮ ಸುಲಿದು ನೋಡಬೇಕೇನ್ರಿ ಡಾಕ್ಟ್ರೇ?"

"ಕೇಳ್ರಿ. ಪ್ರತಿ ಮರಿಗೂ ಬಣ್ಣದ ಮಾತು ಎರಡು ಕಡಿಂದ ಬರತೈತಿ. ಅಪ್ಪಂದೊಂದು, ಅವ್ವಂದೊಂದು. ಇಲ್ಲಿ ಅಪ್ಪ ಕರೇದು ಕೊಟ್ಟ, ಅವ್ವ ಬಿಳೇದು ಕೊಟ್ಲು. ಈ ಎರಡರಾಗ ಬಿಳೇದು ಜೋರು ಬಾಯಿದು. ನಮ್ಮೂರ ಕಟ್ಟಿಮ್ಯಾಲೆ ಪಂಚಾಯ್ತಿ ಕುಂತಾಗ ಗೌಡ್ರು ಮಾತಾಡ್ತಾರ, ನಮ್ಮಪ್ಪ ಕೆಳಗ ಸುಮ್ನ ಕುಂತಿರ್ತಾನ. ಮಾತು ಕೇಳಿಸಲಿಲ್ಲ ಅಂತ ನಮ್ಮಪ್ಪ ಅಲ್ಲಿ ಇರಲೇ ಇಲ್ಲ ಅಂತೀರೇನು?"

ಹುಲುಗಣ್ಣನೂ ಅಂಥ ಕಟ್ಟೆಯ ಮೇಲೆ ಕುಳಿತವನೇ.

"ಕಣ್ಣಿಗೆ ಕಾಣೋದಕ್ಕ ಫೀನೋಟೈಪ್ ಅಂತಾರ. ಒಳಗ ಏನೇನು ಐತಿ ಅನ್ನೋದಕ್ಕ ಜೀನೋಟೈಪ್. ನಿಮ್ಮ ಹಳೇ ಕುರಿ ಹೊರಗೂ ಬಿಳೇವು, ಒಳಗ ಎರಡೂ ಬಿಳೇವು. ಈ ಮರಿಗಳು ಹೊರಗ ಬಿಳೇವು, ಒಳಗ ಒಂದು ಬಿಳೇದು ಒಂದು ಕರೇದು. ನೋಡಾಕ ಎರಡೂ ಒಂದ. ಆದ್ರ ಒಂದಲ್ಲ. ಒಳಗ ಎರಡೂ ಕರೇವಾದ್ರ ಮಾತ್ರ ಕುರಿ ಕರ್ರಗ ಕಾಣತೈತಿ. ಈಗ ಉಳಿದ ಹೆಣ್ಣುಮರಿ ದೊಡ್ಡವಾಗಲಿ, ಇದೇ ಕರೇ ಟಗರು ಬಿಡ್ರಿ. ಎರಡರಾಗ ಒಂದು ಮರಿ ಕರೇದು ಬರತೈತಿ."

ಹುಲುಗಣ್ಣ ಎರಡೂ ಕಿವಿ ಮುಚ್ಚಿಕೊಂಡ. "ಶಿವಶಿವಾ! ಮಗಳಮ್ಯಾಲೆ ಅಪ್ಪನ್ನ ಬಿಡ್ತಾರೇನ್ರಿ? ಅದಕ್ಕಲ್ಲೇನು ನಾವು ಎರಡು ವರ್ಷಕ್ಕೊಮ್ಮೆ ಟಗರು ಬದಲಿ ಮಾಡೋದು? ಮೊದಲೇ ದೇವಿ ಸಿಟ್ಟಿಗೆದ್ದಾಳ."

"ಸರಿ, ಹಂಗಾದ್ರ ಬೆನಕಪ್ಪನ ಹತ್ರ ಬದಲಿ ಮಾಡ್ರಿ. ಕರೇದು ಇದ್ರ ಸಾಕು," ಎಂದ ಕ್ರಾಂತಿಕುಮಾರ್. ಅಲ್ಲಿಗೇ ಬಿಡಬೇಕಿತ್ತು. ಬೇಲಿಯ ಸುತ್ತ ಜನ ಸೇರಿದ್ದು ನೋಡಿ ಅವನಿಗೆ ಉತ್ಸಾಹ ಬಂತು. "ಕರಿ ಮರಿ ಹುಟ್ಟಲಿಲ್ಲ ಅಂದ್ರ ನನ್ನ ಕೇಳ್ರಿ. ಇದು ಇಲಾಖೆ ಮಾತು."

ಇಲಾಖೆಗೆ ಈ ಮಾತಿನ ಸುದ್ದಿ ಇರಲಿಲ್ಲ.

ಉಳಿದದ್ದು ನಾಲ್ಕು ಹೆಣ್ಣುಮರಿ. ಅವು ಬೆಳೆದು, ಬೆನಕಪ್ಪನ ಇನ್ನೊಂದು ಕರಿ ಟಗರು ಬಂದು, ಗಬ್ಬವಾಗುವ ಹೊತ್ತಿಗೆ ಎರಡು ಯುಗಾದಿ ಕಳೆದಿದ್ದವು. ಮೂರನೆಯ ಯುಗಾದಿಗೆ ಮುಂಚೆ ಈಯುವುದು ಈ ನಾಲ್ಕೇ. ಹುಲುಗಣ್ಣ ಅವುಗಳ ಹೊಟ್ಟೆಗೆ ಕಿವಿ ಹಚ್ಚಿ ಕೇಳುವನು, ಬಣ್ಣ ಕೇಳಿಸುವುದೇನೋ ಎಂಬಂತೆ.

"ಎರಡರಾಗ ಒಂದು ಅಂದ್ರ ನಾಕರಾಗ ಎರಡು ಗ್ಯಾರಂಟಿ, ಹೌದಿಲ್ರಿ ಡಾಕ್ಟ್ರೇ?"

ಕ್ರಾಂತಿಕುಮಾರ್ ಗಂಟಲು ಸರಿಮಾಡಿಕೊಂಡ. "ಗ್ಯಾರಂಟಿ ಅಂತಲ್ಲ. ರೂಪಾಯಿ ಚಿಮ್ಮಿದಂಗ ಅದು. ಒಮ್ಮೊಮ್ಮೆ ನಾಕು ಸಲಾನೂ ಒಂದೇ ಮಗ್ಗಲು ಬೀಳತೈತಿ."

"ನೀವು ಮೊದಲು ಹೀಂಗ ಹೇಳಲಿಲ್ಲ!"

"ಮತ್ತ ಕರೇದು ಬಂದ್ರೂ ಗಂಡು ಬರಬೇಕಲ್ಲ ಯಜಮಾನ್ರೇ. ಅದೂ ಅರ್ಧಕ್ಕರ್ಧ."

ಈಗ ಊರಿನಲ್ಲಿ ಹೆದರಿದವರು ಇಬ್ಬರಾದರು. ಕ್ರಾಂತಿಕುಮಾರನ ಲೂನಾ ಆ ಕಡೆ ಕೆಲಸವಿಲ್ಲದಿದ್ದರೂ ವಾರಕ್ಕೆರಡು ಸಲ ಹಾಯತೊಡಗಿತು. ಮೊದಲನೆಯದು ಜನವರಿಯಲ್ಲಿ ಈದಿತು. ಗಂಡು, ಬಿಳಿ. ಹತ್ತು ದಿನಕ್ಕೆ ಎರಡನೆಯದು. ಚೌಡಕ್ಕ ರೊಪ್ಪದಿಂದ ಕೂಗಿದಳು, "ಕರೇದು! ಏನ್ರೀ, ಕರೇದು!" ಹುಲುಗಣ್ಣ ಓಡಿಬಂದು ಮಂಡಿಯೂರಿದ. ಮೂಗಿನಿಂದ ಬಾಲದವರೆಗೆ ಒಂದು ಬಿಳಿ ಕೂದಲಿಲ್ಲ. ಬಾಲ ಎತ್ತಿ ನೋಡಲು ಅವನಿಗೆ ಕೈ ಬರಲಿಲ್ಲ. ಚೌಡಕ್ಕನೇ ಎತ್ತಿ ನೋಡಿ, ಮೆಲ್ಲಗೆ ಇಳಿಸಿದಳು. ಹೆಣ್ಣು.

ಮೂರನೆಯದು ಬಿಳಿ, ಹೆಣ್ಣು. ನಾಲ್ಕನೆಯ ಕುರಿ ಯುಗಾದಿಗೆ ಹನ್ನೆರಡು ದಿನವಿರುವಾಗ ನಡುಮಧ್ಯಾಹ್ನ ತಿಣುಕತೊಡಗಿತು. ಕ್ರಾಂತಿಕುಮಾರನೇ ತೋಳು ಮಡಚಿ ಮರಿ ಎಳೆದ. ಲೋಳೆ ಒರೆಸುವವರೆಗೂ ಕಪ್ಪಾಗಿಯೇ ಕಂಡಿತು. ಒರೆಸಿದ ಮೇಲೆ ಬಿಳಿ. ಮರಿಯ ಎದೆ ಒಂದೆರಡು ಸಲ ಏರಿ ಇಳಿದು ನಿಂತುಹೋಯಿತು.

ಅದೇ ಸಂಜೆ ಮಾಲಾಳ ಮೈ ಬೆಚ್ಚಗಾಯಿತು. ಬಿಸಿಲಿನಲ್ಲಿ ಕುಂಟೆಬಿಲ್ಲೆ ಆಡಿದ್ದಳು, ಬೆಳಿಗ್ಗೆ ಹೊತ್ತಿಗೆ ಸರಿಹೋಯಿತು. ಹುಲುಗಣ್ಣ ಮಾತ್ರ ಸರಿಹೋಗಲಿಲ್ಲ.

"ಸಂತ್ಯಾಗ ಒಂದು ಕರಿ ಮರಿ ತಂದು ಬಿಟ್ಟುಬಿಡ್ರಿ, ಯಾರು ಕೇಳ್ತಾರ?" ಎಂದಳು ಚೌಡಕ್ಕ.

"ನಂದಲ್ಲದ್ದನ್ನ ನಂದು ಅಂತ ಬಿಟ್ಟು, ಆಮ್ಯಾಲೆ ಹುಡುಗಿಗೆ ಏನಾರ ಆದ್ರ?"

ಹುಲುಗಣ್ಣ ಕೊಟ್ಟೂರಿಗೆ ಹೋಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತ.

"ಡಾಕ್ಟ್ರೇ, ಜನವರ್ಯಾಗ ಹುಟ್ಟಿದ ಆ ಬಿಳಿ ಗಂಡುಮರಿ. ಅದರೊಳಗ ಕರೇದು ಐತೇನು?"

"ಐತಿ. ಅದರಪ್ಪ ಪೂರಾ ಕರೇದು. ಅವನ ಹತ್ರ ಕೊಡಾಕ ಕರೇದು ಬಿಟ್ಟು ಬೇರೇದು ಇರಲೇ ಇಲ್ಲ. ಇದರಾಗ ಮಾತ್ರ ಅನುಮಾನ ಇಲ್ಲ."

"ಹೊರಗಿಂದು ಮಂದಿ ನೋಡ್ತಾರ. ಒಳಗಿಂದು ಯಾರು ನೋಡ್ತಾರ?"

"ಅದನ್ನ ಯಾರಿಗೂ ಕಣ್ಣಿಲೆ ನೋಡಾಕ ಆಗಂಗಿಲ್ಲ."

"ದೇವಿಗೆ?"

ಕ್ರಾಂತಿಕುಮಾರನಿಗೆ ಅವನು ಎಲ್ಲಿಗೆ ಹೊರಟಿದ್ದಾನೆಂದು ತಿಳಿಯಿತು. ಎದ್ದು ನಿಂತ. "ಯಜಮಾನ್ರೇ, ಗುಡಿಯಾಗ ನನ್ನ ಹೆಸರು ತಗೀಬ್ಯಾಡ್ರಿ. ಪುಣ್ಯ ಬರತೈತಿ."

ಯುಗಾದಿಯ ಬೆಳಿಗ್ಗೆ ಹುಲುಗಣ್ಣ ಎಣ್ಣೆಸ್ನಾನ ಮಾಡಿ, ಬಿಳಿ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕಡೆ ಚೌಡಕ್ಕ ಒಂದು ಕಡೆ ಮಾಲಾಳೊಂದಿಗೆ ಗುಡಿಗೆ ನಡೆದ. ಊರೆಲ್ಲ ಹಿಂದೆ ಬಂತು. ಬರುವುದಿಲ್ಲವೆಂದಿದ್ದ ಕ್ರಾಂತಿಕುಮಾರನೂ ಬಂದು ಹೊರಗಿನ ಬೇವಿನ ಮರಕ್ಕೆ ಅರ್ಧ ಮರೆಯಾಗಿ ನಿಂತ.

ಈ ಮೂರು ವರ್ಷದಲ್ಲಿ ಜೋಗಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮರಿಯ ಬೆನ್ನ ಮೇಲೆ ಕೈಯಾಡಿಸಿ ಕೇಳಿದಳು, "ಹುಲುಗಣ್ಣ ಬಂದ್ಯಾ? ಕರೇದು ತಂದ್ಯಾ?"

ಹೂಂ ಎಂದಿದ್ದರೆ ಮುದುಕಿಗೆ ತಿಳಿಯುತ್ತಿರಲಿಲ್ಲ. ಹುಲುಗಣ್ಣನ ನಾಲಿಗೆ ಆ ಹೂಂ ವರೆಗೆ ಹೋಗಿ ನಿಂತಿತು. ಎದುರಿಗೆ ದುರುಗಮ್ಮನ ಬೆಳ್ಳಿ ಕಣ್ಣು. ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡ ಮಗಳು.

"ಹೊರಗ ಬಿಳೇದು ಐತಿ ತಾಯೀ. ಒಳಗ ಕರೇದು."

ಹಿಂದಿನಿಂದ ಯಾರೋ ನಕ್ಕರು. ಪಕ್ಕೀರಮ್ಮ, "ಹಂಗಂದ್ರ ನನ್ನ ಎಮ್ಮಿ ಒಳಗ ಆಕಳು!" ಎಂದಳು. ನಗೆ ಇನ್ನೂ ಜೋರಾಯಿತು.

ಹುಲುಗಣ್ಣ ದೇವಿಯ ಕಡೆಗೇ ನೋಡುತ್ತ ಒದರಿದ. "ನಗ್ರಿ! ಇದರಪ್ಪ ಇಟ್ಟಿಗಿ ಕರೇ ಟಗರು, ಅವ್ವ ನಮ್ಮಪ್ಪನ ಕಾಲದ ತಳಿ. ಇದರ ತಂಗಿ ಕರ್ರಗ ಹುಟ್ಯಾಳ, ರೊಪ್ಪದಾಗ ಅದಾಳ, ಬಂದು ನೋಡ್ರಿ. ಇದಕ್ಕೂ ಅಪ್ಪ ಕರೇದನ್ನ ಕೊಟ್ಟಾನ, ಬಿಳೇದು ಅದನ್ನ ಮುಚ್ಚೇತಿ. ಮಂದಿ ಹೊರಗ ನೋಡ್ತಾರ. ನೀನೂ ಹೊರಗ ನೋಡಿದ್ರ ನಾನು ಯಾರ ಹತ್ರ ಹೋಗಲೇ ತಾಯೀ? ನನ್ನ ಮಗಳ ಮ್ಯಾಲೆ ಸಿಟ್ಟು ಮಾಡಬ್ಯಾಡ. ತಪ್ಪಿದ್ರ ನನ್ನ ತಗೋ."

ನಗೆ ನಿಂತಿತು. ಮಾಲಾ ಅಪ್ಪನ ಪಂಚೆ ಹಿಡಿದುಕೊಂಡಳು. ತನ್ನ ಜ್ವರಕ್ಕೂ ಈ ಮರಿಗಳಿಗೂ ಸಂಬಂಧವಿದೆಯೆಂದು ಅವಳಿಗೆ ತಿಳಿದದ್ದು ಆಗಲೇ.

ಜೋಗಮ್ಮ ಮರಿಯ ಕಿವಿ ಹಿಡಿದುಕೊಂಡಳು. "ಒಳಗ ಕರೇದು ಐತಿ ಅಂತಿ. ಇದ್ದದ್ದು ಒಂದಿನ ಹೊರಗ ಬರಬೇಕಲ್ಲ?"

"ಬರತೈತಿ ತಾಯೀ."

"ಬಿಡು ಹಂಗಾರ. ಈ ಊರಾಗ ಒಂದು ಬಿಳೇ ಕುರಿ ಹೊಟ್ಟ್ಯಾಗ ಇದರದು ಕರೇ ಮರಿ ಹುಟ್ಟಿದ ದಿನ ನಿನ್ನ ಹರಕಿ ಮುಟ್ಟಿತು ಅಂತ ತಿಳಕೊ."

"ಅಲ್ಲೀತನ?"

"ಅಲ್ಲೀತನ ಹೆದರಿಕೊಂಡಿರು. ಹುಡುಗೀನ ಛಲೋ ನೋಡಿಕೊಂತಿ."

ಹೊರಗೆ ಬಂದಾಗ ಹುಲುಗಣ್ಣನಿಗೆ ಅರ್ಧ ಉಸಿರು ಬಂದಿತ್ತು. ಕ್ರಾಂತಿಕುಮಾರ್ ಉಳಿದರ್ಧವನ್ನು ಕಸಿದುಕೊಂಡ. "ಮುದುಕಿ ಹೇಳಿದ್ದು ಖರೇ ಪರೀಕ್ಷೆ. ನಾವು ದೊಡ್ಡ ಫಾರ್ಮಿನ್ಯಾಗ ಟಗರಿನ ತಳಿ ಹಿಂಗ ನೋಡ್ತೀವಿ. ಆದ್ರ ಯಜಮಾನ್ರೇ, ಟಗರಿನ ಒಳಗ ಇದ್ರ ಸಾಲದು. ಆ ಬಿಳೇ ಕುರಿ ಒಳಗೂ ಒಂದು ಕರೇದು ಅಡಗಿರಬೇಕು. ಇದ್ರೂ ನಾಕರಾಗ ಒಂದು."

ಅಂದಿನಿಂದ ಹುಲುಗಣ್ಣನ ಕಣ್ಣು ಕೆಟ್ಟಿತು. ಬಿಳಿ ಕುರಿ ಕಂಡರೆ ಮೊದಲಿನಂತೆ ಬಿಳುಪು ಕಾಣುತ್ತಿರಲಿಲ್ಲ, ಇದರೊಳಗೆ ಏನಿದೆಯೋ ಎಂದು ಕಾಣುತ್ತಿತ್ತು. ಎಳ್ಳು ಅಕ್ಕಿ ಎಂದು ಹಂಗಿಸಿದ್ದ ಹಿಂಡುಗಳ ಹಿಂದೆ ಕೈಕಟ್ಟಿ ನಡೆದು, "ಅಣ್ಣಾ, ಈ ಬಿಳೇದರ ಅವ್ವ ಯಾವ ಬಣ್ಣದ್ದು?" ಎಂದು ವಿನಯದಿಂದ ವಿಚಾರಿಸುವನು. ದೇವಿಯ ಟಗರು ಬೆಳೆದು ಊರೂರು ತಿರುಗತೊಡಗಿತು, ಅದು ಪಕ್ಕದ ಊರಿಗೆ ಹೋದರೆ ಇವನೂ ಬುತ್ತಿ ಕಟ್ಟಿಕೊಂಡು ಹೋಗಿ ತಿರುಗಿಸಿಕೊಂಡು ಬರುವನು. ತಾಯಿಯಿರುವ ತನ್ನ ರೊಪ್ಪಕ್ಕೆ ಅದನ್ನು ಬಿಡುವಂತಿರಲಿಲ್ಲ, ಪಕ್ಕೀರಮ್ಮನಿಗೆ ಮಾರಿದ್ದ, ಒಳಗೆ ಕರಿಯಿದ್ದ ಎರಡು ಕುರಿಗಳ ಮೇಲೆ ಅವನ ಆಸೆ. ದೇವಿಯ ಟಗರಿನಿಂದಾದ ಮೊದಲ ಈತದಲ್ಲಿ ಅವು ಎರಡೂ ಬಿಳಿ ಮರಿ ಹಾಕಿದವು. ಆ ವಾರವೆಲ್ಲ ಅವನು ಮಗಳನ್ನು ಹೊಸಿಲು ದಾಟಲು ಬಿಡಲಿಲ್ಲ. ಆರನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು. ಹುಡುಗಿ ಅತ್ತು ರಂಪ ಮಾಡಿ ಹಿತ್ತಲಿನಿಂದ ಶಾಲೆಗೆ ಓಡಿಹೋದಳು.

ಮುಂದಿನ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಪಕ್ಕೀರಮ್ಮ ಸೀರೆ ಎತ್ತಿ ಕಟ್ಟಿ ಹುಲುಗಣ್ಣನ ಅಂಗಳಕ್ಕೆ ನುಗ್ಗಿದಳು.

"ಎಲ್ಲದೀಯೋ ಹುಲುಗಣ್ಣ! ಬಾ ಹೊರಗ! ನಿನ್ನ ಆ ದರಿದ್ರ ಟಗರು ನನ್ನ ಹಿಂಡು ಕೆಡಿಸೇತಿ! ಬಿಳೇ ಕುರಿ ಅಂತ ರೊಕ್ಕ ಕೊಟ್ಟು ನಿನ್ನ ಕಡಿಂದಾನೇ ತಗೊಂಡೆ, ಅದರ ಹೊಟ್ಟ್ಯಾಗ ಕಾಗೀಯಂಥ ಮರಿ ಹುಟ್ಟೇತಿ! ಇದೇನು ಕುರಿಯೋ ಮಾಟವೋ?"

ಹುಲುಗಣ್ಣ ಹಲ್ಲುಪುಡಿಯ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ. ಅವನ ಮುಖ ಸುಣ್ಣವಾಗಿತ್ತು.

"ಏನಂದಿ ಪಕ್ಕೀರವ್ವ? ಇನ್ನೊಮ್ಮೆ ಹೇಳಬೇ."

"ಕರೇ ಮರಿ ಅಂದೆ! ಕಾಗಿ! ಇದ್ದಲಿ!"

"ನನ್ನ ಟಗರಿಂದು?"

"ಮತ್ತ ನಮ್ಮಪ್ಪಂದೇನು? ನಿನ್ನ ಟಗರು ನನ್ನ ಬೇಲಿ ಬಿಟ್ಟು ಹೋಗಿದ್ದ ಯಾವಾಗ?"

ಹುಲುಗಣ್ಣ ಹಾಗೆಯೇ ಕಟ್ಟೆಯ ಮೇಲೆ ಕುಸಿದು ಕುಳಿತ. ಬಾಯಿಯ ಪುಡಿ ಗಲ್ಲದ ಮೇಲೆ ಇಳಿಯುತ್ತಿತ್ತು, ಅದರ ಜೊತೆ ಕಣ್ಣೀರೂ. ಚೌಡಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಬೈಯಲು ಬಂದ ಪಕ್ಕೀರಮ್ಮನಿಗೆ ದಿಕ್ಕು ತಪ್ಪಿತು. ಅವಳು ತಂದಿದ್ದ ಬೈಗುಳ ಇನ್ನೂ ಅರ್ಧ ಉಳಿದಿತ್ತು.

"ಬೈಯಿ ತಾಯಿ," ಎಂದ ಹುಲುಗಣ್ಣ ಎರಡೂ ಕೈ ಜೋಡಿಸಿ. "ಮೊದಲಿಂದ ಬೈಯಿ."

ಪಕ್ಕೀರಮ್ಮ ಒಪ್ಪಲಿಲ್ಲ. ಒಳಗಿನಿಂದ ಮಾಲಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅಂದು ಹೈಸ್ಕೂಲಿನ ಮೊದಲ ದಿನ, ಉಜ್ಜಿನಿಯವರೆಗೆ ಬಸ್ಸಿನಲ್ಲಿ ಹೋಗಬೇಕು. ಅಪ್ಪ ಹಿಂದೆ ಬರುತ್ತಾನೆಂದು ಅವಳು ಅಂಗಳದ ತುದಿಯಲ್ಲಿ ರೂಢಿಯಂತೆ ನಿಂತಳು.

"ಹೋಗು," ಎಂದ ಹುಲುಗಣ್ಣ. "ಒಬ್ಬಾಕೀನ ಹೋಗಿ ಬಾ."